ಕೋವಿ ಪಿತ್ರಾರ್ಜಿತ, ಪರವಾನಗಿ ಸ್ವಯಾರ್ಜಿತ

ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗದಲ್ಲಿ ರಕ್ತದೊತ್ತಡ, ಮಧುಮೇಹ, ಮಂಡಿನೋವು ಮೊದಲಾದ ವಿಷಯಗಳನ್ನು ಓದಿ ರೂಢಿಯಾದ ವಾಚಕರಿಗೆ ಕೋವಿಯ ಮಾತು ಇಲ್ಲಿಗೇಕೆ ಬಂತೆಂದು ಆಶ್ಚರ್ಯವಾಗಬಹುದು. ಆದರೆ ಮನೆಯಲ್ಲಿ ಕೋವಿಯುಳ್ಳವರಿಗೆ ಅದು ಕಾನೂನಿನ ವಿಷಯವಾಗಿರುವಷ್ಟೇ ಕುಟುಂಬದ ಕ್ಷೇಮದ ವಿಷಯವೂ ಆಗಿದೆ. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಲು ಬರುವುದಿಲ್ಲ. ಆದುದರಿಂದ ಎರಡನ್ನೂ ಒಟ್ಟಿಗೆ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ದುವ್ವಾಡದ ಸುತ್ತಮುತ್ತ ನೆಲೆಸಿದ ಕನ್ನಡಿಗರು ನಾನಾ ಕಡೆಗಳಿಂದ ಬಂದವರು. 1971ರ ಜನವರಿ 20ರಂದು ಶಂಕುಸ್ಥಾಪನೆಯಾಗಿ 1992ರ ಆಗಸ್ಟ್ 1ರಂದು ರಾಷ್ಟ್ರಕ್ಕೆ ಸಮರ್ಪಿತವಾದ ಉಕ್ಕಿನ ಕಾರ್ಖಾನೆ ಕೆಲವರನ್ನು ಕರೆಯಿತು. ನೌಕಾಪಡೆ, ಬಂದರು, ದುವ್ವಾಡದ ವಿಶೇಷ ಆರ್ಥಿಕ ವಲಯ ಮತ್ತೆ ಕೆಲವರನ್ನು ಕರೆದವು. ಇವರಲ್ಲಿ ಕೊಡಗು, ಮಲೆನಾಡು, ದಕ್ಷಿಣ ಕನ್ನಡ, ಉತ್ತರ ಕನ್ನಡಗಳ ಕಡೆಯವರ ಹುಟ್ಟುಮನೆಗಳಲ್ಲಿ ಕೋವಿಯೆಂಬುದು ಅಪರೂಪದ ವಸ್ತುವಲ್ಲ. ಅಡಿಕೆ ತೋಟಕ್ಕೆ ಮಂಗನ ಕಾಟ, ಗದ್ದೆಗೆ ಹಂದಿಯ ಕಾಟ. ಬೆಳೆಯ ರಕ್ಷಣೆಗೆಂದು ಅಜ್ಜನೋ ತಂದೆಯೋ ಪಡೆದ ಒಂಟಿನಳಿಗೆಯ ಕೋವಿಯೊಂದು ಮನೆಯ ಹಿರಿಯ ಸದಸ್ಯನಂತೆ ಅಲ್ಲಿರುತ್ತದೆ.

ತೊಡಕು ಆರಂಭವಾಗುವುದು ಹಿರಿಯರು ತೀರಿಕೊಂಡ ಮೇಲೆ. ತೋಟವನ್ನು ತಮ್ಮನೋ ದಾಯಾದಿಯೋ ನೋಡಿಕೊಳ್ಳುತ್ತಾರೆ. ಮನೆಗೆ ಬೀಗ ಬೀಳುತ್ತದೆ. ಪಾತ್ರೆ, ಪೆಟ್ಟಿಗೆ, ದೇವರ ಪಟಗಳನ್ನು ಹಂಚಿಕೊಂಡಂತೆ ಕೋವಿಯನ್ನೂ ಒಬ್ಬರು ತಮ್ಮ ಪಾಲಿಗೆ ತೆಗೆದುಕೊಳ್ಳುತ್ತಾರೆ. ನೆನಪಿಗೆಂದು ತೆಗೆದುಕೊಂಡ ಆ ವಸ್ತು, ಪತ್ರವಿಲ್ಲದಿದ್ದರೆ, ಗೌರವಸ್ಥ ಗೃಹಸ್ಥನನ್ನು ನ್ಯಾಯಾಲಯದ ಕಟಕಟೆಗೆ ತಂದು ನಿಲ್ಲಿಸಬಲ್ಲದು.

ಕಾಯಿದೆ ಒಂದೇ, ಅಧಿಕಾರಿಗಳು ಬೇರೆ

ಕರ್ನಾಟಕಕ್ಕೊಂದು, ಆಂಧ್ರಕ್ಕೊಂದು ಕೋವಿ ಕಾಯಿದೆಯಿದೆಯೆಂದು ಹಲವರು ಭಾವಿಸಿದ್ದಾರೆ. ಇದು ಸರಿಯಲ್ಲ. ಉಕ್ಕು ಎಂಬ ಮಾತು ತೆಲುಗಿಗೂ ಕನ್ನಡಕ್ಕೂ ಹೇಗೆ ಒಂದೇ ಆಗಿದೆಯೋ ಹಾಗೆ ಕೋವಿಯ ಕಾಯಿದೆಯೂ ಎರಡು ರಾಜ್ಯಗಳಿಗೂ ಒಂದೇ. ಆಯುಧಗಳ ವಿಷಯ ಸಂವಿಧಾನದ ಕೇಂದ್ರ ಪಟ್ಟಿಗೆ ಸೇರಿದ್ದು. 1878ರ ಬ್ರಿಟಿಷರ ಕಾಯಿದೆಯ ಸ್ಥಾನದಲ್ಲಿ 1959ರ ಆಯುಧ ಕಾಯಿದೆ ಬಂದು 1962ರಲ್ಲಿ ಜಾರಿಯಾಯಿತು. ಅದರ ನಿಯಮಾವಳಿಯನ್ನು 2016ರಲ್ಲಿ ಹೊಸದಾಗಿ ರಚಿಸಲಾಯಿತು. 2019ರ ಡಿಸೆಂಬರಿನಲ್ಲಿ ಕಾಯಿದೆಗೆ ಮುಖ್ಯವಾದ ತಿದ್ದುಪಡಿಗಳಾದವು.

ಆದರೆ ಕಾಯಿದೆ ಒಂದೇ ಆದರೂ ಅದನ್ನು ನಡೆಸುವ ಕೈಗಳು ಸ್ಥಳೀಯವಾದವು. ಪರವಾನಗಿ ಕೊಡುವವರು ಸಾಮಾನ್ಯವಾಗಿ ಜಿಲ್ಲಾ ದಂಡಾಧಿಕಾರಿಗಳು. ಕಮಿಷನರೇಟ್ ಇರುವ ನಗರಗಳಲ್ಲಿ ಈ ಅಧಿಕಾರ ಹೆಚ್ಚಾಗಿ ಪೊಲೀಸ್ ಕಮಿಷನರರಿಗೆ ಸೇರಿರುತ್ತದೆ. ಅರ್ಜಿದಾರನು ಸಾಮಾನ್ಯವಾಗಿ ವಾಸಿಸುವ ಅಥವಾ ಉದ್ಯೋಗ ಮಾಡುವ ಸ್ಥಳದ ಅಧಿಕಾರಿಗೆ ಅರ್ಜಿ ಹಾಕಬೇಕು. ಹೀಗಿರುವಲ್ಲಿ, ದುವ್ವಾಡದಲ್ಲಿ ಸಂಸಾರ ಹೂಡಿರುವವನು ತನ್ನ ಮೂಲ ಊರಿನ ವಿಳಾಸವನ್ನು ತೋರಿಸಿ ಅಲ್ಲಿಯವನೇ ಎಂಬಂತೆ ಪರವಾನಗಿ ಪಡೆಯಲು ಹೋಗುವುದು ಬುದ್ಧಿವಂತಿಕೆಯೆನಿಸದು. ವಿಳಾಸದ ವಿಚಾರಣೆಗೆ ಪೊಲೀಸರು ಬರುತ್ತಾರೆ, ನಿಜ ಹೊರಬೀಳುತ್ತದೆ.

2019ರ ತಿದ್ದುಪಡಿಯ ಮೂರು ಅಂಶಗಳನ್ನು ಕೋವಿಯುಳ್ಳವರೆಲ್ಲರೂ ತಿಳಿದಿರತಕ್ಕದ್ದು. ಮೊದಲನೆಯದು: ಒಬ್ಬ ವ್ಯಕ್ತಿ ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆ 3ರಿಂದ 2ಕ್ಕೆ ಇಳಿಯಿತು, ಹೆಚ್ಚಿನದನ್ನು ಒಂದು ವರ್ಷದೊಳಗೆ ಠಾಣೆಯಲ್ಲಿ ಅಥವಾ ಪರವಾನಗಿಯುಳ್ಳ ವ್ಯಾಪಾರಿಯಲ್ಲಿ ಒಪ್ಪಿಸಬೇಕಾಗಿತ್ತು. ಎರಡನೆಯದು: ಪರವಾನಗಿಯ ಅವಧಿ 3 ವರ್ಷಗಳಿಂದ 5 ವರ್ಷಗಳಿಗೆ ಏರಿತು. ಮೂರನೆಯದು: ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಂಡವರಿಗೆ ಹಿಂದೆ 1ರಿಂದ 3 ವರ್ಷಗಳಷ್ಟಿದ್ದ ಸೆರೆವಾಸ 2ರಿಂದ 5 ವರ್ಷಗಳಿಗೆ ಏರಿತು, ಜೊತೆಗೆ ದಂಡವೂ ಉಂಟು. ಮದುವೆ ಮೆರವಣಿಗೆಯಲ್ಲಿ ಸಂಭ್ರಮಕ್ಕೆಂದು ಎಚ್ಚರಗೇಡಿಯಾಗಿ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತರುವವರಿಗೂ 2 ವರ್ಷಗಳವರೆಗೆ ಸೆರೆವಾಸ, ಅಥವಾ 1 ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ ವಿಧಿಸಬಹುದಾಗಿದೆ.

ಕೊಡಗಿನವರ ವಿನಾಯಿತಿ

ಕೋವಿಯ ಮಾತು ಬಂದಾಗ ಕೊಡಗನ್ನು ನೆನೆಯದಿರುವುದು ಸಾಧ್ಯವಿಲ್ಲ. ಅಲ್ಲಿ ಕೈಲ್‌ಪೊಳ್ದಿನ ದಿನ ಕೋವಿಗೆ ಪೂಜೆ. ಪುತ್ತರಿಯಲ್ಲಿ ಕದಿರು ಕೊಯ್ಯುವ ಮುಹೂರ್ತಕ್ಕೆ ಗುಂಡಿನ ಸದ್ದು. ಜನನಕ್ಕೂ ಮರಣಕ್ಕೂ ಕೋವಿಯೇ ಸುದ್ದಿ ಸಾರುವ ಸಂಪ್ರದಾಯ. 1861ರಲ್ಲಿ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ನಿರಾಯುಧೀಕರಣದ ಕಾಯಿದೆ ಕೊಡಗಿಗೆ ಅನ್ವಯಿಸದೆಂದು ಘೋಷಿಸಿದರು. ಬೆಂಗಳೂರಿನ ಕಬ್ಬನ್ ಪಾರ್ಕ್ ಇವರ ಹೆಸರನ್ನೇ ಹೊತ್ತಿದೆ. ಸ್ವಾತಂತ್ರ್ಯಾನಂತರ 1963ರ ಕೇಂದ್ರ ಅಧಿಸೂಚನೆಯ ಮೂಲಕ ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಈ ವಿನಾಯಿತಿ ಮುಂದುವರಿಯಿತು. 2019ರ ಅಕ್ಟೋಬರಿನಲ್ಲಿ ಕೇಂದ್ರ ಗೃಹ ಸಚಿವಾಲಯ ಇದನ್ನು 2029ರವರೆಗೆ ಎಂದು ಹತ್ತು ವರ್ಷಗಳ ಅವಧಿಗೆ ಗೊತ್ತುಪಡಿಸಿತು. ಇದನ್ನು ಪ್ರಶ್ನಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯ 2021ರ ಸೆಪ್ಟೆಂಬರಿನಲ್ಲಿ ತಳ್ಳಿಹಾಕಿ ವಿನಾಯಿತಿಯನ್ನು ಎತ್ತಿಹಿಡಿಯಿತು.

ಈ ವಿನಾಯಿತಿಯ ಬಗ್ಗೆ ಕೊಡಗಿನ ಬಂಧುಗಳಲ್ಲಿ ಹೆಮ್ಮೆಯಿರುವುದು ಸಹಜ. ಆದರೆ ಪರಸ್ಥಳದಲ್ಲಿರುವವರು ಮೂರು ಮಾತುಗಳನ್ನು ಮರೆಯಬಾರದು. ಇದು ಶಾಶ್ವತವಾದ ಹಕ್ಕಲ್ಲ, ಅವಧಿಯುಳ್ಳ ವಿನಾಯಿತಿ. ಇದು ಬಾಯಿಮಾತಿನಿಂದ ಸಿದ್ಧವಾಗುವುದಿಲ್ಲ. ಮಡಿಕೇರಿಯ ಜಿಲ್ಲಾಧಿಕಾರಿಗಳ ಕಚೇರಿಯಿಂದ ಪಡೆದ ವಿನಾಯಿತಿ ಪತ್ರ ಕೈಯಲ್ಲಿರಬೇಕು. ಹಾಗೂ ಜಿಲ್ಲೆಯ ಹೊರಗೆ ವಾಸಿಸುವಾಗ ಅಥವಾ ಪ್ರಯಾಣ ಮಾಡುವಾಗ ಎಷ್ಟು ಕೋವಿ, ಎಷ್ಟು ತೋಟೆಗಳೆಂಬುದಕ್ಕೆ ಮಿತಿಯುಂಟು. ಹೆಸರು, ಮನೆತನ, ಉಡುಗೆಗಳನ್ನು ಕಂಡೊಡನೆ ವಿಷಯ ತಿಳಿಯುವ ವಿರಾಜಪೇಟೆಯ ಪೇದೆಯಲ್ಲ ದುವ್ವಾಡದ ಪೇದೆ. ಅವನು ಕೇಳುವುದು ಕಾಗದವನ್ನು. ಕೇಳುವುದು ಅವನ ಕರ್ತವ್ಯವೂ ಹೌದು. ಆದುದರಿಂದ ಇಲ್ಲಿಗೆ ಕೋವಿ ತರುವ ವಿಚಾರವಿದ್ದರೆ, ಮೊದಲು ಮಡಿಕೇರಿಯ ಕಚೇರಿಯಲ್ಲಿ ಲಿಖಿತವಾಗಿ ಕೇಳಿ ಉತ್ತರ ಪಡೆದು, ಆ ಬಳಿಕ ಇಲ್ಲಿಯ ಅಧಿಕಾರಿಗಳಿಗೂ ತಿಳಿಸಿ ಮುಂದುವರಿಯುವುದು ಲೇಸು.

ಪರವಾನಗಿ ಬೇಡವೆಂದ ಮಾತ್ರಕ್ಕೆ ಉಳಿದ ಕಾಯಿದೆಯೂ ಅನ್ವಯಿಸುವುದಿಲ್ಲವೆಂದು ತಿಳಿಯಲಾಗದು. ಎಚ್ಚರಗೇಡಿತನ, ದುರುಪಯೋಗ, ನಿಷಿದ್ಧ ವರ್ಗದ ಆಯುಧಗಳು ಎಲ್ಲರ ಪಾಲಿಗೂ ಅಪರಾಧವೇ.

ತಂದೆಯ ಕೋವಿ ಯಾರಿಗೆ?

ಈಗ ಮುಖ್ಯ ಪ್ರಶ್ನೆಗೆ ಬರೋಣ. ಉದಾಹರಣೆಗೆ, ತೀರ್ಥಹಳ್ಳಿಯ ಕಡೆಯ ಕೃಷಿಕರೊಬ್ಬರು ಪರವಾನಗಿಯುಳ್ಳ ಕೋವಿಯನ್ನು ಬಿಟ್ಟು ತೀರಿಕೊಂಡರೆನ್ನಿ. ಹಿರಿಯ ಮಗ ಉಕ್ಕುನಗರದಲ್ಲಿ ಉದ್ಯೋಗಿ. ಕೋವಿ ತಂದೆಯ ಆಸ್ತಿ, ಆಸ್ತಿ ಮಕ್ಕಳದ್ದು, ಆದ್ದರಿಂದ ಕೋವಿಯೂ ಮಕ್ಕಳದ್ದು ಎಂದು ತರ್ಕ ಹೂಡುವುದು ಸುಲಭ. ಅದರಲ್ಲಿ ಅರ್ಧ ಸತ್ಯವಿದೆ. ಕೋವಿಯ ಬೆಲೆಯಲ್ಲಿ ಮಕ್ಕಳಿಗೆ ಹಕ್ಕುಂಟು. ಅದನ್ನು ಇಟ್ಟುಕೊಳ್ಳುವ ಹಕ್ಕು ಮಾತ್ರ ತಂದೆಯೊಂದಿಗೇ ಮುಗಿಯಿತು. ಕೋವಿ ಪಿತ್ರಾರ್ಜಿತವಾಗಬಹುದು, ಪರವಾನಗಿ ಎಂದೆಂದಿಗೂ ಸ್ವಯಾರ್ಜಿತವೇ.

ಕಾಯಿದೆಯ 21ನೆಯ ಕಲಮು ಇಂಥ ಸಂದರ್ಭಕ್ಕೆಂದೇ ಇದೆ. ಪರವಾನಗಿಯ ಅವಧಿ ಮುಗಿದುದರಿಂದಲೋ ರದ್ದಾದುದರಿಂದಲೋ ಬೇರಾವ ಕಾರಣದಿಂದಲೋ ಕೋವಿಯನ್ನು ಇಟ್ಟುಕೊಳ್ಳುವುದು ಕಾನೂನುಬದ್ಧವಾಗಿ ಉಳಿಯದಿದ್ದಾಗ, ಅನಾವಶ್ಯಕ ವಿಳಂಬವಿಲ್ಲದೆ ಅದನ್ನು ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿಯುಳ್ಳ ಆಯುಧ ವ್ಯಾಪಾರಿಯಲ್ಲಿ ಠೇವಣಿಯಿಟ್ಟು ರಸೀದಿ ಪಡೆಯಬೇಕು. ಠೇವಣಿಯೆಂದರೆ ಕಳೆದುಕೊಂಡಂತಲ್ಲ. ನಿಯಮಿತ ಕಾಲದೊಳಗೆ ಅರ್ಹರಾದ ವಾರಸುದಾರರು ಪರವಾನಗಿ ಪಡೆದು ಅದನ್ನು ಬಿಡಿಸಿಕೊಳ್ಳಬಹುದು, ಅಥವಾ ಅರ್ಹರಾದ ಇನ್ನೊಬ್ಬರಿಗೆ ಮಾರಬಹುದು. ಕಾಲ ಮೀರಿದರೆ ಮಾತ್ರ ಅದು ಸರ್ಕಾರದ ಪಾಲಾಗುವುದು. ಸೂತಕದ ದಿನಗಳ ಗಡಿಬಿಡಿಯಲ್ಲಿ ಇದು ಯಾರ ನೆನಪಿಗೂ ಬರುವುದಿಲ್ಲವಾದುದರಿಂದ, ಉತ್ತರಕ್ರಿಯೆಗಳನ್ನು ಮುಗಿಸಿ ಮಕ್ಕಳೆಲ್ಲ ತಂತಮ್ಮ ಊರುಗಳಿಗೆ ಚದುರುವ ಮೊದಲೇ ಈ ಕೆಲಸವನ್ನೂ ಮುಗಿಸತಕ್ಕದ್ದು.

ಇದಕ್ಕಿಂತ ಉತ್ತಮವಾದ ದಾರಿಯೊಂದಿದೆ. ಅದು ಹೆಚ್ಚಿನವರಿಗೆ ತಿಳಿದಿಲ್ಲ. 2016ರ ನಿಯಮಗಳ ಪ್ರಕಾರ, ಪರವಾನಗಿದಾರರಿಗೆ 70 ವರ್ಷ ತುಂಬಿದಾಗ, ಅಥವಾ ಅವರು ಆ ಕೋವಿಯನ್ನು 25 ವರ್ಷ ಇಟ್ಟುಕೊಂಡಿದ್ದಾಗ, ಅವರು ಜೀವಂತರಾಗಿರುವಾಗಲೇ ಅವರು ಸೂಚಿಸಿದ ವಾರಸುದಾರರಿಗೆ ಆ ಕೋವಿಯ ಪರವಾನಗಿ ನೀಡಲು ಅವಕಾಶವಿದೆ. ವಾರಸುದಾರನು ಇತರ ಅರ್ಹತೆಗಳನ್ನು ಪಡೆದಿರಬೇಕಾದುದು ಅಗತ್ಯ. ತಂದೆಯವರು ಎದುರಿಗೆ ಕುಳಿತು ತಮ್ಮ ಇಷ್ಟವನ್ನು ಹೇಳಬಲ್ಲಾಗ ಮುಗಿಯುವ ಕೆಲಸಕ್ಕೆ, ಅವರ ತರುವಾಯ ಎಲ್ಲ ಸಹೋದರ ಸಹೋದರಿಯರ ಒಪ್ಪಿಗೆ ಪತ್ರಗಳನ್ನು ಊರೂರು ತಿರುಗಿ ಸಂಗ್ರಹಿಸಬೇಕಾದೀತು.

ಅರ್ಜಿಯೊಂದಿಗೆ ಗುರುತು ಮತ್ತು ವಿಳಾಸದ ದಾಖಲೆಗಳು ಬೇಕು. ಮಾನಸಿಕ ಹಾಗೂ ದೈಹಿಕ ಆರೋಗ್ಯದ ಬಗ್ಗೆ ವೈದ್ಯರ ಪ್ರಮಾಣಪತ್ರ ಬೇಕು. ಕೋವಿಯನ್ನು ಭದ್ರವಾಗಿ ಇಡುವೆನೆಂಬ ಮುಚ್ಚಳಿಕೆಯೂ ಬೇಕು. 21 ವರ್ಷ ತುಂಬದವರಿಗೆ ಪರವಾನಗಿಯಿಲ್ಲ. ಅರ್ಜಿಯನ್ನು ನಿರಾಕರಿಸಿದರೆ ಕಾರಣಗಳನ್ನು ಅಧಿಕಾರಿ ಲಿಖಿತವಾಗಿ ದಾಖಲಿಸಬೇಕು; ಮೇಲ್ಮನವಿಗೂ ಕಾಯಿದೆಯಲ್ಲಿ ಅವಕಾಶವಿದೆ. ನಿರಾಕರಣೆಯಿಂದ ಬೇಸತ್ತು ಅಡ್ಡದಾರಿ ಹಿಡಿಯುವ ಕಾರಣವೇ ಇಲ್ಲ.

ಇನ್ನೊಂದು ಸೂಕ್ಷ್ಮವನ್ನು ಇಲ್ಲಿಯೇ ಹೇಳಬೇಕು. ವೃದ್ಧ ತಂದೆಯ ಪರವಾನಗಿಯ ನವೀಕರಣಕ್ಕೆಂದು ಮಗ ಕೋವಿಯನ್ನು ಹೊತ್ತು ಕಚೇರಿಗೆ ಹೋಗುವುದುಂಟು. ರಿಪೇರಿಗಾಗಲಿ ನವೀಕರಣಕ್ಕಾಗಲಿ ಹೀಗೆ ಒಯ್ಯಲು ಕಾಯಿದೆ ಅವಕಾಶ ಕೊಟ್ಟಿದೆ. ಆದರೆ ಪರವಾನಗಿದಾರರು ಜೊತೆಯಲ್ಲಿರಬೇಕು, ಇಲ್ಲವೇ ಅವರ ಲಿಖಿತ ಅಧಿಕಾರಪತ್ರ ಕೈಯಲ್ಲಿರಬೇಕು. ಒಂದು ಹಾಳೆ, ಒಂದು ರುಜು. ಅಷ್ಟರಿಂದ ದೊಡ್ಡ ತೊಂದರೆ ತಪ್ಪುತ್ತದೆ.

ದುವ್ವಾಡಕ್ಕೆ ತರುವುದೇ?

ಪರವಾನಗಿಯ ಪುಸ್ತಕದಲ್ಲಿ ಅದು ಯಾವ ಪ್ರದೇಶಕ್ಕೆ ಸಿಂಧುವೆಂಬುದನ್ನು ಬರೆದಿರುತ್ತದೆ. ಶಿವಮೊಗ್ಗ ಜಿಲ್ಲೆಗೆಂದೋ ಕರ್ನಾಟಕಕ್ಕೆಂದೋ ಬರೆದ ಪರವಾನಗಿಯನ್ನು ಹಿಡಿದು ಕೋವಿಯೊಂದಿಗೆ ಆಂಧ್ರದ ಗಡಿ ದಾಟಿದರೆ, ದಾಟಿದ ಕ್ಷಣದಿಂದ ಪರವಾನಗಿಯಿಲ್ಲದಂತೆಯೇ ಸರಿ. ಮೊದಲು ಪ್ರದೇಶದ ವಿಸ್ತರಣೆಗೆ ಅರ್ಜಿ ಹಾಕಿ ಅನುಮತಿ ಪಡೆಯಬೇಕು. ವಾಸಸ್ಥಳ ಕಾಯಂ ಆಗಿ ಬದಲಾದಾಗ, ಅಥವಾ ತಾತ್ಕಾಲಿಕವಾಗಿ 30 ದಿನಗಳಿಗಿಂತ ಹೆಚ್ಚು ಕಾಲ ಬದಲಾಗಿ ಕೋವಿಯೂ ಜೊತೆಗೆ ಬಂದಿದ್ದಾಗ, 30 ದಿನಗಳೊಳಗೆ ಹಳೆಯ ಅಧಿಕಾರಿಗೂ ಹೊಸ ಸ್ಥಳದ ಅಧಿಕಾರಿಗೂ ಲಿಖಿತವಾಗಿ ತಿಳಿಸಬೇಕು. ವರ್ಗಾವಣೆಯಲ್ಲಿ ಮಕ್ಕಳ ಶಾಲೆ, ಗ್ಯಾಸ್ ಸಂಪರ್ಕ, ಬ್ಯಾಂಕಿನ ವಿಳಾಸಗಳನ್ನು ಬದಲಿಸುವವರು ಇದನ್ನೂ ಆ ಪಟ್ಟಿಗೆ ಸೇರಿಸಿಕೊಳ್ಳಲಿ. ಪರವಾನಗಿಗೆ ರಾಷ್ಟ್ರೀಯ ದತ್ತಾಂಶದ ವಿಶಿಷ್ಟ ಗುರುತಿನ ಸಂಖ್ಯೆ ದೊರೆತಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಹಳೆಯ ಕೈಬರಹದ ಪುಸ್ತಕಗಳಲ್ಲಿ ಇದು ಬಿಟ್ಟುಹೋಗಿರುವುದುಂಟು.

ಪ್ರಯಾಣದ ಮಾತೂ ಹೀಗೆಯೇ. ವಿಮಾನದಲ್ಲಿ ಕೋವಿಯನ್ನಾಗಲಿ ತೋಟೆಗಳನ್ನಾಗಲಿ ಕೈಚೀಲದಲ್ಲಿ ಒಯ್ಯುವಂತಿಲ್ಲ. ಮುಂಚಿತವಾಗಿ ತಿಳಿಸಿ, ಖಾಲಿ ಮಾಡಿದ ಕೋವಿಯನ್ನು ದಾಖಲೆಗಳೊಂದಿಗೆ ಒಪ್ಪಿಸಬೇಕು. ರೈಲಿನಲ್ಲಿ ಬರುವವರು ರೈಲ್ವೆ ಅಧಿಕಾರಿಗಳನ್ನು ಮೊದಲೇ ಲಿಖಿತವಾಗಿ ಕೇಳತಕ್ಕದ್ದು. ಹಾಸಿಗೆಯ ಸುರುಳಿಯಲ್ಲಿ ಸುತ್ತಿ ತಂದು ದುವ್ವಾಡದ ನಿಲ್ದಾಣದಲ್ಲಿ ಇಳಿಯುವ ಸಾಹಸ ಯಾರಿಗೂ ಬೇಡ.

ಚುನಾವಣೆಯ ವಿಷಯವೊಂದುಂಟು. ಚುನಾವಣೆ ಘೋಷಣೆಯಾದಾಗ ಪರವಾನಗಿದಾರರ ಕೋವಿಗಳನ್ನು ಪರಿಶೀಲನಾ ಸಮಿತಿಯ ತೀರ್ಮಾನದಂತೆ ಠಾಣೆಯಲ್ಲಿ ಠೇವಣಿಯಿಡಿಸುವುದು ವಾಡಿಕೆ. ಇದು ಮತದಾರನ ಊರನ್ನು ನೋಡುವುದಿಲ್ಲ, ಕೋವಿಯಿರುವ ಊರನ್ನು ನೋಡುತ್ತದೆ. ಕರ್ನಾಟಕದಲ್ಲಿ 2023ರಲ್ಲಿ ವಿಧಾನಸಭೆಗೂ 2024ರಲ್ಲಿ ಲೋಕಸಭೆಗೂ ಬೇರೆ ಬೇರೆಯಾಗಿ ಚುನಾವಣೆ ನಡೆಯಿತು. ಆಂಧ್ರದಲ್ಲಿ 2024ರಲ್ಲಿ ಎರಡೂ ಒಟ್ಟಿಗೆ ನಡೆದವು. ಊರಿನಲ್ಲಿ ಕೋವಿಯಿಟ್ಟು ಇಲ್ಲಿರುವವರಿಗೆ ಆದೇಶದ ಸುದ್ದಿಯೇ ತಲುಪದಿರುವ ಸಂಭವವಿದೆ. ಆದುದರಿಂದ ಊರಿನ ಠಾಣೆಯಲ್ಲಿ ಇಲ್ಲಿಯ ದೂರವಾಣಿ ಸಂಖ್ಯೆಯನ್ನು ಕೊಟ್ಟಿರುವುದು ಒಳ್ಳೆಯದು.

ಇಷ್ಟೆಲ್ಲ ಯೋಚಿಸಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ: ದುವ್ವಾಡದ ಕ್ವಾರ್ಟರ್ಸಿನಲ್ಲಿ, ಅಪಾರ್ಟ್‌ಮೆಂಟಿನ ಮೂರನೆಯ ಅಂತಸ್ತಿನಲ್ಲಿ ಕೋವಿಯ ಕೆಲಸವೇನು? ಇಲ್ಲಿ ಹಂದಿಯಿಲ್ಲ, ತೋಟವಿಲ್ಲ. ತೋಟ ನೋಡಿಕೊಳ್ಳುವ ತಮ್ಮನ ಹೆಸರಿಗೆ ಪರವಾನಗಿಯಾಗುವುದಾದರೆ ಕೋವಿ ಅದರ ಊರಿನಲ್ಲಿಯೇ ಕಾನೂನಿನ ಪ್ರಕಾರ ಉಳಿಯುವುದು ಬಹುಮಂದಿಗೆ ಸರಿಯಾದ ಪರಿಹಾರವೆಂದು ತೋರುತ್ತದೆ.

ಹವ್ಯಾಸಕ್ಕೆ ಬೇರೆ ದಾರಿ

ಗುರಿಯಿಡುವ ಹವ್ಯಾಸವೇ ಪ್ರಿಯವಾದವರು ನಿರಾಶರಾಗಬೇಕಾದುದಿಲ್ಲ. ಬೇಟೆಯ ಕಾಲ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಂದಿಗೆ ಮುಗಿಯಿತು. ಕೊಡಗಿನಲ್ಲಿಯೂ ಈಗ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯೇ ಹಬ್ಬದ ಆಕರ್ಷಣೆ. 2016ರ ನಿಯಮಗಳಂತೆ 4.5 ಮಿಲಿಮೀಟರ್ ವ್ಯಾಸವನ್ನೂ 20 ಜೌಲ್ ಶಕ್ತಿಯನ್ನೂ ಮೀರದ ಗಾಳಿಕೋವಿಗೆ ಪರವಾನಗಿ ಬೇಡ. ಒಲಿಂಪಿಕ್ಸ್‌ನ 10 ಮೀಟರ್ ಸ್ಪರ್ಧೆ ನಡೆಯುವುದು ಗಾಳಿಕೋವಿಗಳಿಂದಲೇ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಸ್ವರ್ಣಪದಕವನ್ನೂ 2012ರಲ್ಲಿ ಲಂಡನ್ನಿನಲ್ಲಿ ಹೈದರಾಬಾದಿನ ಗಗನ್ ನಾರಂಗ್ ಕಂಚಿನ ಪದಕವನ್ನೂ ಗೆದ್ದದ್ದು ಇದರಲ್ಲಿಯೇ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪನವರು 2013ರಲ್ಲಿ ಮುಖದ ಒಂದು ಪಾರ್ಶ್ವದ ನರಗಳ ದೌರ್ಬಲ್ಯಕ್ಕೆ ತುತ್ತಾಗಿಯೂ ಚೇತರಿಸಿಕೊಂಡು, 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗಳಿಸಿದರು. ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯತ್ವ, ತರಬೇತುದಾರರ ಮೇಲ್ವಿಚಾರಣೆ, ಗೊತ್ತಾದ ಗುರಿಮೈದಾನ ಇವಿದ್ದರೆ ಏಕಾಗ್ರತೆಗೂ ಉಸಿರಿನ ಹಿಡಿತಕ್ಕೂ ಇದು ಒಳ್ಳೆಯ ಅಭ್ಯಾಸ. ಗಾಳಿಕೋವಿಯೂ ಆಟಿಕೆಯಲ್ಲ, ಅದರ ಗುಂಡು ಕಣ್ಣನ್ನು ಶಾಶ್ವತವಾಗಿ ಕಳೆಯಬಲ್ಲದು.

ಆರೋಗ್ಯದ ನಾಲ್ಕು ಮಾತು

ಮೊದಲನೆಯದು ಕಿವಿ. ಕೋವಿಯ ಸದ್ದು ಸಾಮಾನ್ಯವಾಗಿ 140 ಡೆಸಿಬೆಲ್ ಮೀರುತ್ತದೆ. ಈ ಮಟ್ಟದ ಒಂದೇ ಸದ್ದು ಒಳಗಿವಿಯ ಸೂಕ್ಷ್ಮ ಕೋಶಗಳನ್ನು ಘಾಸಿಗೊಳಿಸಬಲ್ಲದು, ಆ ಕೋಶಗಳು ಮತ್ತೆ ಬೆಳೆಯುವುದಿಲ್ಲ. ಮುದಿತನದಲ್ಲಿ ಕಿವಿ ಮಂದವಾಯಿತೆನ್ನುವ ಹಳೆಯ ಬೇಟೆಗಾರರ ಕೋವಿಯೂ ಅದಕ್ಕೆ ಕಾರಣವಾಗಿರಬಹುದು. ಕರ್ಣರಕ್ಷಕಗಳಿಲ್ಲದೆ ಗುಂಡು ಹಾರಿಸಬಾರದು.

ಎರಡನೆಯದು ಸೀಸ. ಗುಂಡುಗಳಲ್ಲಿಯೂ ಮುಚ್ಚಿದ ಗುರಿಮೈದಾನದ ಧೂಳಿನಲ್ಲಿಯೂ ಸೀಸವಿರುತ್ತದೆ. ರಕ್ತದಲ್ಲಿ ಸೀಸದ ನಿರಪಾಯ ಪ್ರಮಾಣವೆಂಬುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳ ಬುದ್ಧಿಯ ಬೆಳವಣಿಗೆಗೆ ಅದು ವಿಶೇಷವಾಗಿ ಹಾನಿಕರ. ಅಭ್ಯಾಸದ ಬಳಿಕ ಸಾಬೂನಿನಿಂದ ಕೈ ತೊಳೆದು, ಬಟ್ಟೆ ಬದಲಿಸಿ, ಆಮೇಲೆ ಮಕ್ಕಳನ್ನು ಎತ್ತಿಕೊಳ್ಳಬೇಕು.

ಮೂರನೆಯದು ಬೀಗ. ಕೋವಿ ಖಾಲಿಯಾಗಿರಲಿ, ಬೀಗದಲ್ಲಿರಲಿ; ತೋಟೆಗಳು ಬೇರೆ ಪೆಟ್ಟಿಗೆಯಲ್ಲಿ, ಬೇರೆ ಬೀಗದಲ್ಲಿರಲಿ. ಬೀಗದ ಕೈ ಪರವಾನಗಿದಾರನ ವಶದಲ್ಲಿಯೇ ಇರಲಿ. ರಜೆಗೆ ಊರಿಗೆ ಬಂದ ಮೊಮ್ಮಕ್ಕಳ ಕುತೂಹಲಕ್ಕೆ ಎತ್ತರದ ಅಟ್ಟವಾಗಲಿ ಬೀರುವಿನ ಮೇಲ್ಭಾಗವಾಗಲಿ ತಡೆಯಾಗದು. ಖಾಲಿಯೆಂದು ನಂಬಿದ ಕೋವಿಯಿಂದ ಆಗುವ ಅನಾಹುತಗಳು ಆಗಾಗ ಸುದ್ದಿಯಾಗುತ್ತಲೇ ಇವೆ.

ನಾಲ್ಕನೆಯದು ಮನಸ್ಸು, ಇದೇ ಎಲ್ಲಕ್ಕಿಂತ ಮಿಗಿಲು. ರಾತ್ರಿ ಪಾಳಿಯ ನಿದ್ರಾಹೀನತೆ, ಸಾಲ, ನಿವೃತ್ತಿಯ ನಂತರದ ಒಂಟಿತನ, ಮದ್ಯ ಇವು ಯಾವ ಮನೆಯ ಬಾಗಿಲನ್ನೂ ತಟ್ಟಬಹುದು. ಬಾಳು ಬೇಡವೆನಿಸುವ ಗಳಿಗೆ ಅನೇಕರಲ್ಲಿ ಬಂದು ಹೋಗುವಂಥದು. ಆ ಗಳಿಗೆಯಲ್ಲಿ ಕೈಗೆ ಕೋವಿ ಸಿಕ್ಕಿದರೆ ಅದು ಹೋಗಲು ಅವಕಾಶವೇ ಉಳಿಯುವುದಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂಬ ಗಾದೆ ಕೋವಿಯ ವಿಷಯದಲ್ಲಿ ಹೆಚ್ಚು ನಿಜ. ಮನೆಯಲ್ಲಿ ಯಾರಿಗಾದರೂ ಮನಸ್ಸು ಕುಗ್ಗಿದೆಯೆನಿಸಿದರೆ, ಸಂಕೋಚಪಡದೆ ಕೋವಿಯನ್ನು ಮನೆಯಿಂದ ಹೊರಗೆ, ವ್ಯಾಪಾರಿಯಲ್ಲಿ ಅಥವಾ ಠಾಣೆಯಲ್ಲಿ, ಠೇವಣಿಯಿಡತಕ್ಕದ್ದು. ಅವರೊಡನೆ ಕುಳಿತು ಮಾತನಾಡಬೇಕು, ವೈದ್ಯರಲ್ಲಿಗೆ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ ಟೆಲಿ ಮನಸ್ ಸೇವೆ 14416 ಸಂಖ್ಯೆಯಲ್ಲಿ ಹಗಲೂ ರಾತ್ರಿಯೂ ಉಚಿತವಾಗಿ ದೊರೆಯುತ್ತದೆ. ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಮಾತನಾಡಬಹುದು.

ಹಿರಿಯರು ಕೋವಿಯನ್ನು ಇಟ್ಟುಕೊಂಡದ್ದು ಮನೆಮಂದಿಯ ಹಾಗೂ ಬೆಳೆಯ ರಕ್ಷಣೆಗೆ. ಆ ಉದ್ದೇಶವನ್ನು ಉಳಿಸುವುದೇ ಅವರಿಗೆ ಸಲ್ಲಿಸುವ ಗೌರವ. ಮುಂದಿನ ದಸರೆಗೋ ದೀಪಾವಳಿಗೋ ಊರಿಗೆ ಹೋಗುವ ನಮ್ಮ ಸಂಘದ ಬಂಧುಗಳು ಪರವಾನಗಿಯ ಪುಸ್ತಕವನ್ನೊಮ್ಮೆ ತೆರೆದು, ಅವಧಿ ಎಂದಿನವರೆಗೆ, ಪ್ರದೇಶ ಯಾವುದು, ಹೆಸರು ಯಾರದು ಎಂಬ ಮೂರನ್ನು ಓದಿ ನೋಡಲಿ. ತಂದೆತಾಯಿಗಳು ಇರುವಾಗಲೇ ಆಡಬೇಕಾದ ಮಾತನ್ನು ಆಡಿ ಮುಗಿಸಲಿ. ಕಾಗದ ಸರಿಯಿದ್ದು, ಬೀಗ ಭದ್ರವಾಗಿದ್ದು, ಮನಸ್ಸು ಸ್ವಸ್ಥವಾಗಿದ್ದರೆ ಮನೆಯವರೆಲ್ಲ ನಿಶ್ಚಿಂತೆಯಿಂದ ಇರಬಹುದು.